ರೌಟರ್ ಬದಲಾಯ್ತು, ನ್ಯಾಸ್ ಡಬ್ಬಿ ಕಾಣ್ತಾ ಇಲ್ಲ, ಬ್ಯಾಕಪ್ ರಿಸ್ಟೋರ್ ಮಾಡುದು ಹೇಗೆ?

ಲೆಕ್ಕದಕ್ಕ_ಡೊಂಬಿವಲಿ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಬೇಡಿ. ನಾನು ಮನೆಯಿಂದಲೇ ನಾಲ್ಕೈದು ಹೋಟೆಲಿನವರ ಲೆಕ್ಕ ನೋಡಿಕೊಳ್ಳುವುದು, ಟ್ಯಾಲಿ, ಜಿಎಸ್‌ಟಿ, ಹುಡುಗರ ಸಂಬಳದ ಪಟ್ಟಿ ಎಲ್ಲ. ವಿಂಡೋಸ್ 11 ಪ್ರೊ ಇರುವ ಡೆಸ್ಕ್‌ಟಾಪ್. ಬ್ಯಾಕಪ್ ಎಲ್ಲ ಹಾಲ್‌ನಲ್ಲಿ ಟಿವಿ ಕೆಳಗೆ ಇಟ್ಟ ಎರಡು ಡಿಸ್ಕಿನ ನ್ಯಾಸ್ ಡಬ್ಬಿಗೆ, ಅಂದ್ರೆ ರೌಟರಿಗೆ ಕೇಬಲ್ ಹಾಕಿ ಮನೆಯವರೆಲ್ಲ ಬಳಸುವ ಡಿಸ್ಕ್ ಪೆಟ್ಟಿಗೆಗೆ, ಹೋಗ್ತಿತ್ತು, ಅದನ್ನು ಸೆಟ್ ಮಾಡಿದ್ದು ನನ್ನ ತಮ್ಮ, ಅವ ಈಗ ಹಡಗಿನಲ್ಲಿ ಡ್ಯೂಟಿಯಲ್ಲಿದ್ದಾನೆ, ಫೋನ್ ಸಿಕ್ಕಿದ್ರೆ ಸಿಕ್ಕಿತು ಇಲ್ಲದಿದ್ರೆ ಇಲ್ಲ.

ಆದದ್ದು ಏನಂದ್ರೆ, ನಮ್ಮ ಸೊಸೈಟಿಯಲ್ಲಿ ಕೇಬಲ್ ಇಂಟರ್ನೆಟ್ ತೆಗೆದು ಫೈಬರ್ ಹಾಕಿದ್ರು, ಬಂದ ಹುಡುಗ ಹೊಸ ರೌಟರ್ ಇಟ್ಟು ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡು ಹೋದ. ವೈಫೈ ಹೆಸರು ಪಾಸ್‌ವರ್ಡ್ ಮೊದಲಿನದ್ದೇ ಇಟ್ಟಿದ್ದಾನೆ, ಫೋನ್ ಟಿವಿ ಎಲ್ಲ ಚೆನ್ನಾಗಿ ನಡೀತದೆ. ಅದೇ ವಾರ ಡೆಸ್ಕ್‌ಟಾಪಿನ ಎಸ್‌ಎಸ್‌ಡಿ ಸತ್ತಿತು ಮಾರಾಯ್ರೆ, ಒಂದರ ಮೇಲೊಂದು. ಅಂಗಡಿಯವರು ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಮತ್ತು ಟ್ಯಾಲಿ ಹಾಕಿ ಕೊಟ್ಟಿದ್ದಾರೆ, ಹಳೆಯದರಿಂದ ಏನೂ ತೆಗೀಲಿಕ್ಕೆ ಆಗುದಿಲ್ಲ ಅಂದ್ರು.

ಈಗ ನ್ಯಾಸ್ ಎಲ್ಲಿಯೂ ಕಾಣುದಿಲ್ಲ. ನೆಟ್‌ವರ್ಕ್ ಅಂತ ಒತ್ತಿದ್ರೆ ಖಾಲಿ, ಹೆಸರು ಟೈಪ್ ಮಾಡಿದ್ರೆ 0x80070035 ಅಂತ ಎರರ್. ಡಬ್ಬಿಯಲ್ಲಿ ಹಸಿರು ಲೈಟ್ ಉರೀತಾ ಉಂಟು, ಒಳಗೆ ಡಿಸ್ಕ್ ತಿರುಗುವ ಸದ್ದೂ ಬರ್ತದೆ. ಅಂಗಡಿಯವರು ರಿಸೆಟ್ ಒತ್ತಿ ಹೊಸದಾಗಿ ಸೆಟ್ ಮಾಡಿ ಅಂತಾರೆ, ನನಗೆ ಧೈರ್ಯ ಇಲ್ಲ. 20ರ ಒಳಗೆ ಎಲ್ಲರ ಜಿಎಸ್‌ಟಿ ರಿಟರ್ನ್ 3ಬಿ ಹಾಕ್ಬೇಕು ಬೇರೆ. ತಮ್ಮ ಹಿಂದೊಮ್ಮೆ ಹಳೆ ರೌಟರಿನ ಬ್ಯಾಕಪ್ ಅಂತ ಒಂದು ಫೈಲ್ ಮೇಲ್ ಮಾಡಿದ್ದ, ಅದನ್ನು ಹೊಸ ರೌಟರಿಗೆ ಹಾಕಿದ್ರೆ ಎಲ್ಲ ವಾಪಸ್ ಬರ್ತದಾ? ಅಥವಾ ಹಳೆ ರೌಟರ್ ಹೋದ ಮೇಲೆ ಬ್ಯಾಕಪ್ಪೂ ಹೋಯ್ತಾ?

ಅಂಧೇರಿ_ಫಾಸ್ಟ್

ಅಕ್ಕಾ ಟೆನ್ಶನ್ ತಗೋಬೇಡಿ, ನ್ಯಾಸ್ ಹಿಂದೆ ಸಣ್ಣ ತೂತು ಇರತ್ತೆ, ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಅದಕ್ಕೂ ಬರ್ಲಿಲ್ಲ ಅಂದ್ರೆ ರೌಟರ್ ಒಳಗೆ ಡಿಎಂಜೆಡ್ ಅಂತ ಇರತ್ತೆ, ಅದಕ್ಕೆ ನ್ಯಾಸ್ ಹಾಕಿ ಎಲ್ಲಾ ಪೋರ್ಟ್ ಓಪನ್ ಮಾಡ್ಬಿಡಿ, ಸೀದಾ ಬರತ್ತೆ.

ಪುಣೆ_ವಿಜಾಪುರ

ಅಕ್ಕಾರ, ಮ್ಯಾಲಿನ ಎರಡೂ ಕೆಲಸ ಮಾಡಬ್ಯಾಡ್ರಿ. ರಿಸೆಟ್ ಅಂತೂ ಮುಟ್ಟಲೇಬ್ಯಾಡ್ರಿ. ಕೆಲವು ಡಬ್ಬಿಗಳಾಗ ನಾಕು ಸೆಕೆಂಡ್ ಒತ್ತಿದ್ರ ಬರೇ ಅಡ್ಮಿನ್ ಪಾಸ್‌ವರ್ಡು ನೆಟ್‌ವರ್ಕ್ ಸೆಟ್ಟಿಂಗು ಹೋಗ್ತಾವ, ಅದ ಗುಂಡಿ ಇನ್ನೊಂದು ಸಲ ಒತ್ತಿದ್ರ ಇಡೀ ಸಿಸ್ಟಮ್ ಮತ್ತ ಹಾಕ್ಕೋರಿ ಅಂತ ಕುಂದರ್ತೈತಿ, ಕಂಪನಿಗೊಂದು ರೀತಿ. ನಿಮಗ ಅದು ಬೇಕಾಗೇ ಇಲ್ಲ.

ಬ್ಯಾಕಪ್ ಎಲ್ಲಿಗೂ ಹೋಗಿಲ್ರಿ. ಡೇಟಾ ಇರೋದು ನ್ಯಾಸ್ ಒಳಗಿನ ಡಿಸ್ಕಿನ್ಯಾಗ, ರೌಟರ್‌ನಾಗ ಒಂದು ಫೈಲೂ ಇರಂಗಿಲ್ಲ, ಅದು ಬರೇ ಇಲ್ಲಿಂದ ಅಲ್ಲಿಗೆ ಸಾಗಸ್ತೈತಿ. ತಮ್ಮ ಕಳಿಸಿದ ಆ ಫೈಲ್ ರೌಟರಿನ ಸ್ವಂತ ಸೆಟ್ಟಿಂಗಿಂದು, ಅಂದ್ರ ವೈಫೈ ಹೆಸರು, ಇಂಟರ್ನೆಟ್ ಲಾಗಿನ್ನು, ಯಾವ ಪೋರ್ಟ್ ಎಲ್ಲಿಗೆ, ಅಷ್ಟ. ಅದೂ ಅದ ಮಾಡೆಲ್‌ಗೆ ಮಾತ್ರ ನಡೀತೈತಿ, ಬ್ಯಾರೆ ಕಂಪನಿ ರೌಟರ್‌ಗೆ ತುರುಕಿದ್ರ ಒಂದೋ ತಗೊಳ್ಳಂಗಿಲ್ಲ, ಇಲ್ಲಾ ತಗೊಂಡು ಇರೋ ಇಂಟರ್ನೆಟ್ಟೂ ಕಳೀತೈತಿ. ಬಿಟ್ಟುಬಿಡ್ರಿ ಅದನ್ನ.

ನನ್ನ ಅಂದಾಜು ಏನಂದ್ರ, ನಿಮ್ಮ ತಮ್ಮ ನ್ಯಾಸ್‌ಗೆ ಪಕ್ಕಾ ಐಪಿ, ಅಂದ್ರ ಬದಲಾಗದ ನೆಟ್‌ವರ್ಕ್ ಅಡ್ರೆಸ್ಸು ಕೊಟ್ಟಾನ, ಬ್ಯಾಕಪ್ಪಿಗೆ ಇಡೋ ಡಬ್ಬಿಗೆ ಹಂಗ ಕೊಡೋದು ರೂಢಿ. ಹಳೇ ರೌಟರ್ 192.168.0 ಸಾಲಿಂದು ಇರಬೇಕು, ಹೊಸದು 192.168.1 ಅಥವಾ ಇನ್ನೊಂದು ಸಾಲು ಹಂಚಾಕತ್ತೈತಿ. ಮನಿ ರೌಟರ್‌ನಾಗ ಮಾಸ್ಕ್ 255.255.255.0 ಇರ್ತೈತಿ, ಅಂದ್ರ ಚುಕ್ಕಿ ನಡುವಿನ ಮೊದಲಿನ ಮೂರು ಸಂಖ್ಯೆ ಒಂದ ಇದ್ರ ಮಾತ್ರ ಎರಡು ಮಷಿನ್ ನೇರ ಮಾತಾಡ್ತಾವ. ಮನಿ ಮಂದಿ ಎಲ್ಲಾ ಬಿ ವಿಂಗಿಗೆ ಶಿಫ್ಟ್ ಆಗ್ಯಾರ, ನ್ಯಾಸ್ ಒಂದು ಇನ್ನೂ ಎ ವಿಂಗ್‌ನಾಗ ಕುಂತು ಯಾರೂ ಬರವಲ್ರು ಅಂತ ಕಾಯಾಕತ್ತೈತಿ, ಹಂಗಾಗೈತಿ. ವೈಫೈ ಹೆಸರು ಪಾಸ್‌ವರ್ಡ್ ಅದ ಇಟ್ರ ಫೋನ್ ಟಿವಿ ತಾವ ಕೂಡ್ಕೋತಾವ, ಯಾಕಂದ್ರ ಅವು ರೌಟರ್ ಕೊಟ್ಟ ಐಪಿ ತಗೋತಾವ, ಪಕ್ಕಾ ಐಪಿ ಇದ್ದಿದ್ದು ತಗೊಳ್ಳಂಗಿಲ್ಲ.

ಖಾತ್ರಿ ಮಾಡ್ಕೊಳ್ಳಾಕ ಎರಡು ಕೆಲಸ ಮಾಡ್ರಿ. ಡೆಸ್ಕ್‌ಟಾಪಿನ್ಯಾಗ ಕಮಾಂಡ್ ಪ್ರಾಂಪ್ಟ್ ತಗದು ಐಪಿಕಾನ್ಫಿಗ್ ಅಂತ ಹೊಡೀರಿ, ಐಪಿವಿ4 ಮುಂದ ಏನು ಬರ್ತೈತಿ ಬರಕೋರಿ. ಆಮ್ಯಾಲ ಮನ್ಯಾಗ ಮೊದಲು ನ್ಯಾಸ್ ತಗದಿದ್ದ ಇನ್ನೊಂದು ಲ್ಯಾಪ್‌ಟಾಪ್ ಇದ್ರ ಅದರಾಗ ನೆಟ್ ಯೂಸ್ ಅಂತ ಹೊಡೀರಿ, ಹಳೇ ಡ್ರೈವ್ ಮ್ಯಾಪ್ ಆಗಿದ್ರ ಅದರ ಅಡ್ರೆಸ್ಸು ಅಲ್ಲೇ ತೋರಸ್ತೈತಿ, ಕನೆಕ್ಟ್ ಆಗಿರದಿದ್ರೂ ತೋರಸ್ತೈತಿ. ಕ್ರೆಡೆನ್ಶಿಯಲ್ ಮ್ಯಾನೇಜರ್‌ನಾಗೂ ಸಿಗಬಹುದು.

ಅದು 192.168.0 ಏನೋ ಅಂತ ಬಂತಂದ್ರ ನನ್ನ ಸಲಹೆ ಇಷ್ಟ, ಹೊಸ ರೌಟರ್ ಪೇಜಿಗೆ ಹೋಗಿ ಲ್ಯಾನ್ ಐಪಿ, ಅಂದ್ರ ಮನಿ ಒಳಗ ರೌಟರಿಂದ ಸ್ವಂತ ಅಡ್ರೆಸ್ಸು, 192.168.0.1 ಮಾಡಿ ಸೇವ್ ಮಾಡ್ರಿ, ರೌಟರ್ ಒಮ್ಮೆ ಮತ್ತ ಶುರು ಆಗ್ತೈತಿ, ನ್ಯಾಸ್, ಪ್ರಿಂಟರ್, ಬಾಗಲ ಮುಂದಿನ ಕ್ಯಾಮೆರಾ, ಪಕ್ಕಾ ಐಪಿ ಇದ್ದಿದ್ದೆಲ್ಲಾ ಒಂದ ಏಟಿಗೆ ವಾಪಸ್ ಬರ್ತಾವ. ಕೊಥ್ರೂಡಿನ್ಯಾಗ ನಾ ನೋಡಿದ ಮನಿಗಳಾಗೆಲ್ಲಾ ಇದ ಮಾಡೀನಿ.

ಲೆಕ್ಕದಕ್ಕ_ಡೊಂಬಿವಲಿ

ನೀವು ಹೇಳಿದ್ದೇ ಸರಿ ಉಂಟು! ಡೆಸ್ಕ್‌ಟಾಪಿನದ್ದು 192.168.1.7. ನಮ್ಮವರ ಲ್ಯಾಪ್‌ಟಾಪಿನಲ್ಲಿ ನೆಟ್ ಯೂಸ್ ಹೊಡೆದ್ರೆ ಝಡ್ ಡ್ರೈವ್ ಎದುರು \\192.168.0.50\ಬ್ಯಾಕಪ್ ಅಂತ ಬಂತು, ಪಕ್ಕದಲ್ಲಿ ಅನ್‌ಅವೈಲೆಬಲ್. ಅರ್ಧ ಜೀವ ಬಂತು ನನಗೆ.

ಆದ್ರೆ ರೌಟರ್ ಪೇಜಿನಲ್ಲಿ ಲ್ಯಾನ್ ಐಪಿ ಇರುವ ಜಾಗ ಬೂದಿ ಬಣ್ಣ, ಬದಲಾಯಿಸ್ಲಿಕ್ಕೆ ಬಿಡುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ, ಮೇಡಂ ಇಂಟರ್ನೆಟ್ ನಡೀತಾ ಉಂಟಲ್ಲ ಮತ್ತೆ ಏನು ಪ್ರಾಬ್ಲಮ್ ಅಂತ ಕೇಳ್ತಾರೆ.

ಕಾರವಾರ_ಟು_ಮಡಗಾಂವ್

ಇಂಟರ್ನೆಟ್ ಕಂಪನಿಯವರು ಕೊಡೋ ರೌಟರ್‌ನಲ್ಲಿ ಹೀಗೆ ಲಾಕ್ ಇರೋದು ಮಾಮೂಲು ಅಕ್ಕಾ, ಅವರ ಜತೆ ಫೋನಲ್ಲಿ ಜಗಳ ಆಡಿ ಸಮಯ ಹಾಳು ಮಾಡ್ಕೊಬೇಡಿ. ನಾನು ಹೇಳೋದಾದ್ರೆ ವಿಜಾಪುರದವರ ದಾರಿಗಿಂತ ಇನ್ನೊಂದು ದಾರಿಯೇ ಒಳ್ಳೇದು, ಮನೆಯ ರೌಟರನ್ನು ಒಂದು ಡಬ್ಬಿಗೋಸ್ಕರ ಯಾಕೆ ಬದಲಾಯಿಸಬೇಕು, ನಾಳೆ ಇದೂ ಹಾಳಾಗಿ ಇನ್ನೊಂದು ಬಂದ್ರೆ ಮತ್ತೆ ಅದೇ ಕಥೆ. ಇಲ್ಲಿ ಗೋವಾದಲ್ಲಿ ಜೂನ್ ಜುಲೈನಲ್ಲಿ ಸಿಡಿಲಿಗೆ ರೌಟರ್ ಸುಡೋದು ಹೊಸ ಸುದ್ದಿ ಅಲ್ಲ, ಅದಕ್ಕೇ ನಾನು ಯಾರ ಮನೆಯಲ್ಲೂ ನ್ಯಾಸ್‌ಗೆ ಪಕ್ಕಾ ಐಪಿ ಡಬ್ಬಿಯೊಳಗೆ ಕೊಡೋದಿಲ್ಲ, ಡಿಎಚ್‌ಸಿಪಿಗೆ, ಅಂದ್ರೆ ರೌಟರ್ ತಾನೇ ಐಪಿ ಹಂಚೋ ವ್ಯವಸ್ಥೆಗೆ ಬಿಟ್ಟು ರೌಟರ್‌ನಲ್ಲಿ ಅದರ ಹೆಸರಿಗೆ ಒಂದು ಐಪಿ ಕಾದಿರಿಸ್ತೇನೆ. ರೌಟರ್ ಬದಲಾದ್ರೂ ಡಬ್ಬಿ ತಾನಾಗಿ ಹೊಸ ಐಪಿ ತಗೊಂಡು ಕಾಣಿಸ್ಕೊಳ್ತದೆ.

ಈಗ ಒಳಗೆ ಹೋಗೋದು ಹೇಗೆ ಅಂದ್ರೆ, ನ್ಯಾಸ್‌ನ ಕೇಬಲ್ಲನ್ನು ರೌಟರ್‌ನಿಂದ ತೆಗೆದು ಸೀದಾ ಡೆಸ್ಕ್‌ಟಾಪಿನ ಲ್ಯಾನ್ ಪೋರ್ಟಿಗೆ ಹಾಕಿ. ಹಿಂದೆ ಇದಕ್ಕೆ ಕ್ರಾಸ್ ಕೇಬಲ್ ಅಂತ ಬೇರೆ ಬೇಕಿತ್ತು, ಈಗಿನ ಗಿಗಾಬಿಟ್ ಪೋರ್ಟ್‌ಗಳು ತಾವೇ ಸರಿ ಮಾಡ್ಕೊಳ್ತವೆ, ಸಾದಾ ಕೇಬಲ್ ಸಾಕು. ಆವಾಗ ಡೆಸ್ಕ್‌ಟಾಪಲ್ಲಿ ಇಂಟರ್ನೆಟ್ ಇರೋದಿಲ್ಲ, ಹಾಗಾಗಿ ಇದನ್ನ ಫೋನಲ್ಲಿ ತೆರೆದಿಟ್ಕೊಳ್ಳಿ. ವಿಂಡೋಸ್ ಕೀ ಜತೆ ಆರ್ ಒತ್ತಿ ಎನ್‌ಸಿಪಿಎ ಡಾಟ್ ಸಿಪಿಎಲ್ ಅಂತ ಹೊಡೆದ್ರೆ ಹಳೇ ಕಾಲದ ಅಡಾಪ್ಟರ್ ಕಿಟಕಿ ಬರ್ತದೆ, ಅದ್ರಲ್ಲಿ ಈಥರ್ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಐಪಿವಿ4, ಅಲ್ಲಿ ಕೈಯಿಂದ 192.168.0.10 ಹಾಕಿ, ಮಾಸ್ಕ್ 255.255.255.0, ಗೇಟ್‌ವೇ ಖಾಲಿ ಬಿಡಿ. ಆಮೇಲೆ ಬ್ರೌಸರ್‌ನಲ್ಲಿ 192.168.0.50 ಹೊಡೆದ್ರೆ ನ್ಯಾಸ್‌ನ ಲಾಗಿನ್ ಪುಟ ಬರಬೇಕು, ಸೈನಾಲಜಿ ಕಂಪನಿಯ ಡಬ್ಬಿ ಆಗಿದ್ರೆ ಕೊನೆಗೆ :5000 ಸೇರಿಸಿ. ಬಂದ್ರೆ ಅರ್ಧ ಕೆಲಸ ಮುಗೀತು.

ಒಳಗೆ ಹೋಗಿ ನೆಟ್‌ವರ್ಕ್ ಸೆಟ್ಟಿಂಗ್ ಒಂದೇ ಮುಟ್ಟಿ, ಮ್ಯಾನುವಲ್ ಇದ್ದಿದ್ದನ್ನ ಡಿಎಚ್‌ಸಿಪಿ ಮಾಡಿ ಸೇವ್ ಕೊಡಿ. ಸೇವ್ ಕೊಟ್ಟ ಕೂಡಲೇ ಆ ಪುಟ ಸುಮ್ನೆ ತಿರುಗ್ತಾ ಕೂತ್ಕೊಳ್ತದೆ, ಗಾಬರಿ ಬೇಡ, ಐಪಿ ಬದಲಾದ್ರಿಂದ ಹಾಗೆ. ಡೆಸ್ಕ್‌ಟಾಪ್ ಐಪಿಯನ್ನು ವಾಪಸ್ ಆಟೋಮ್ಯಾಟಿಕ್ ಮಾಡೋದನ್ನ ಮಾತ್ರ ಮರೀಬೇಡಿ. ನ್ಯಾಸ್ ಕೇಬಲ್ ರೌಟರ್‌ಗೆ, ಡೆಸ್ಕ್‌ಟಾಪ್ ಕೇಬಲ್ಲೂ ರೌಟರ್‌ಗೆ, ರೌಟರ್ ಪುಟದಲ್ಲಿ ಕನೆಕ್ಟ್ ಆದವರ ಪಟ್ಟಿ ನೋಡಿದ್ರೆ ನ್ಯಾಸ್‌ಗೆ 192.168.1 ಎಷ್ಟು ಸಿಕ್ಕಿದೆ ಅಂತ ಗೊತ್ತಾಗ್ತದೆ.

ಅದಾದ ಮೇಲೂ ವಿಂಡೋಸ್‌ನಲ್ಲಿ ಕಾಣದಿದ್ರೆ ನೋಡಬೇಕಾದ್ದು, ಹೊಸ ರೌಟರ್ ಅಂದ್ರೆ ವಿಂಡೋಸ್‌ಗೆ ಹೊಸ ನೆಟ್‌ವರ್ಕ್, ಅದು ಪಬ್ಲಿಕ್ ಅಂತ ಬರೆದ್ಕೊಂಡು ಹಂಚಿಕೆ ಎಲ್ಲ ಮುಚ್ಚಿಡ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನ ಪ್ರೈವೇಟ್ ಮಾಡಿ. ವೈಫೈಯಲ್ಲಿ ಇರೋರು ಗೆಸ್ಟ್ ವೈಫೈಗೆ ಸೇರ್ಕೊಂಡಿದ್ರೆ ಅಲ್ಲಿಂದ ನ್ಯಾಸ್ ಯಾವ ಕಾಲಕ್ಕೂ ಕಾಣೋದಿಲ್ಲ, ಗೆಸ್ಟ್ ಇರೋದೇ ಅದಕ್ಕೆ. ಮತ್ತೆ ನಿಮ್ಮದು 11 ಪ್ರೊ ಅಂದ್ರಿ, ಅಂಗಡಿಯವರು ಹೊಸದಾಗಿ ಹಾಕಿದ್ದು ಅದರ 24ಎಚ್2 ಆವೃತ್ತಿ ಅಥವಾ ಅದರ ನಂತರದ್ದೇ ಇರ್ತದೆ, ಅದ್ರಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಲಾಗಿನ್‌ಗೆ ಬಿಡೋದಿಲ್ಲ, ಎಸ್‌ಎಂಬಿ, ಅಂದ್ರೆ ವಿಂಡೋಸ್ ಫೈಲ್ ಹಂಚೋ ಪದ್ಧತಿ, ಅದರ ಸೈನಿಂಗ್ ಕೂಡ ಕಡ್ಡಾಯ. ನ್ಯಾಸ್‌ನಲ್ಲಿ ನಿಮ್ಮ ಹೆಸರಿನ ಯೂಸರ್ ಪಾಸ್‌ವರ್ಡ್ ಇರಲೇಬೇಕು. ಎಲ್ಲೋ ಓದಿ ಅದರ ಹಳೇ ಆವೃತ್ತಿ ಎಸ್‌ಎಂಬಿ 1 ಆನ್ ಮಾಡೋಕೆ ಹೋಗ್ಬೇಡಿ, 2017ರಲ್ಲಿ ವಾನಾಕ್ರೈ ಅನ್ನೋ ವೈರಸ್ ಹಬ್ಬಿದ್ದು ಅದರ ತೂತಿನಿಂದಲೇ.

@ಅಂಧೇರಿ_ಫಾಸ್ಟ್ ಸಿಟ್ಟು ಮಾಡ್ಕೊಬೇಡಿ, ಆದ್ರೆ ಡಿಎಂಜೆಡ್ ಸಲಹೆ ದಯವಿಟ್ಟು ಯಾರಿಗೂ ಕೊಡ್ಬೇಡಿ. ಇಲ್ಲಿ ತೊಂದರೆ ಇರೋದು ಮನೆ ಒಳಗೆ, ಹೊರಗಿನ ಬಾಗಿಲು ತೆರೆದ್ರೆ ಒಳಗಿಂದು ಹೇಗೆ ಸರಿ ಆಗ್ತದೆ? 2022ರಲ್ಲಿ ಡೆಡ್‌ಬೋಲ್ಟ್ ಅಂತ ರ‍್ಯಾನ್ಸಮ್‌ವೇರ್ ಬಂದಿತ್ತಲ್ಲ, ಇಂಟರ್ನೆಟ್‌ಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳನ್ನೇ ಹುಡುಕಿ ಫೈಲ್ ಎಲ್ಲ ಲಾಕ್ ಮಾಡಿ ಬಿಟ್‌ಕಾಯಿನ್ ಕೇಳಿತ್ತು. ಹೋಟೆಲಿನವರ ಲೆಕ್ಕ ಇರೋ ಡಬ್ಬಿ ಅದು ಮಾರಾಯ್ರೆ.

ಅಂಧೇರಿ_ಫಾಸ್ಟ್

ಓಕೆ ಓಕೆ, ಗೇಮಿಂಗ್‌ಗೆ ಹಾಗೆ ಮಾಡ್ತೀವಿ ಅಂತ ಹೇಳಿದೆ ಅಷ್ಟೆ.

ಪುಣೆ_ವಿಜಾಪುರ

ಮಡಗಾಂವ್‌ದವರು ಹೇಳಿದ್ದು ಖರೇ ಐತಿ, ಲಾಕ್ ಇದ್ರ ಅದ ದಾರಿ. ಆದ್ರ ಎಲ್ಲಾ ರೌಟರ್‌ನಾಗ ಐಪಿ ಕಾದಿರಿಸೋ ಸೌಲಭ್ಯ ತೆರೆದಿರಂಗಿಲ್ಲ ನೋಡ್ರಿ, ಲ್ಯಾನ್ ಐಪಿ ಲಾಕ್ ಮಾಡಿದವ್ರು ಅದನ್ನೂ ಲಾಕ್ ಮಾಡಿರ್ತಾರ. ಹಂಗಿದ್ರ ಅಡ್ರೆಸ್ ಬದ್ಲಿ ಹೆಸರಿನಿಂದ ಹೋಗೋದು ರೂಢಿ ಮಾಡ್ಕೋರಿ, \\ನ್ಯಾಸ್‌ಹೆಸರು\ಬ್ಯಾಕಪ್ ಅಂತ. ನಾನಂತೂ ಒಂದು ಸಾದಾ ಸ್ವಂತ ರೌಟರ್ ಇಟ್ಕೊಂಡು ಕಂಪನಿ ರೌಟರಿನ ಹಿಂದ ಹಾಕೀನಿ, ಅವರು ಏನರ ಬದಲಾಯಿಸಲಿ ನನ್ನ ಮನಿ ಒಳಗಿನ ಐಪಿ ಹಂಗ ಇರ್ತಾವ. ರೌಟರ್ ಹಿಂದ ರೌಟರ್ ಬಂದು ಐಪಿ ಎರಡು ಸಲ ಬದಲಾಗ್ತೈತಿ, ಡಬಲ್ ನ್ಯಾಟ್ ಆಗ್ತೈತಿ ಅಂತ ಮೂಗು ಮುರಿಯೋರು ಮುರೀಲಿ, ನಮ್ಮ ಕೆಲಸಕ್ಕ ಏನೂ ಫರಕ್ ಬೀಳಂಗಿಲ್ಲ.

ಲೆಕ್ಕದಕ್ಕ_ಡೊಂಬಿವಲಿ

ಬಂತು ಬಂತು ಬಂತು!! ಲಾಗಿನ್ ಪುಟ ಬಂತು, ಡಿಎಚ್‌ಸಿಪಿ ಮಾಡಿದೆ, ಪುಟ ತಿರುಗ್ತಾ ಕೂತದ್ದು ನೋಡಿ ಎದೆ ಧಸಕ್ ಅಂದಿತ್ತು, ನೀವು ಮೊದಲೇ ಹೇಳದಿದ್ರೆ ಸ್ವಿಚ್ಚೇ ಆಫ್ ಮಾಡ್ತಿದ್ದೆ. ಈಗ 192.168.1.12 ಸಿಕ್ಕಿದೆ, ಪಬ್ಲಿಕ್ ಇದ್ದದ್ದನ್ನು ಪ್ರೈವೇಟ್ ಮಾಡಿದ ಮೇಲೆ ಡೆಸ್ಕ್‌ಟಾಪಿನಲ್ಲಿ ತೆರೀತು.

ಒಳಗೆ ವಿಂಡೋಸ್‌ಇಮೇಜ್‌ಬ್ಯಾಕಪ್ ಅಂತ ಒಂದು ಫೋಲ್ಡರ್ ಉಂಟು, ಅದ್ರೊಳಗೆ ನನ್ನ ಹಳೆ ಕಂಪ್ಯೂಟರಿನ ಹೆಸರು. ಟ್ಯಾಲಿಯದ್ದೇ ಬ್ಯಾಕಪ್ ಫೈಲ್ ಬೇರೆ ಉಂಟು, ಆದ್ರೆ ಅದು ಮಾರ್ಚ್ ಕ್ಲೋಸಿಂಗಿನದ್ದು, ಅದರ ನಂತರದ್ದೆಲ್ಲ ಈ ಇಮೇಜಿನಲ್ಲೇ ಇರ್ಬೇಕು. ಈಗ ಏನು ಮಾಡುದು? ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬ್ಯಾಕಪ್ ಆ್ಯಂಡ್ ರಿಸ್ಟೋರ್ ತೆರೆದ್ರೆ ಸೆಟ್ ಅಪ್ ಬ್ಯಾಕಪ್ ಅಂತ ಕೇಳ್ತದೆ, ಅದನ್ನು ಒತ್ತಿ ಅದೇ ಫೋಲ್ಡರ್ ತೋರಿಸ್ಲಾ?

ಮಾಟುಂಗಾ_ರಾಯರು

ಬೇಡ, ಬೇಡ, ಸೆಟ್ ಅಪ್ ಬ್ಯಾಕಪ್ ಒತ್ತಬೇಡಿ. ಇದನ್ನು ಹೇಳೋದಕ್ಕೇ ಲಾಗಿನ್ ಆದೆ.

ವಿಂಡೋಸ್‌ನ ಈ ಹಳೇ ಸಿಸ್ಟಮ್ ಇಮೇಜ್, ಅಂದರೆ ಇಡೀ ಡ್ರೈವಿನ ಪಡಿಯಚ್ಚು ತೆಗೆಯೋ ವ್ಯವಸ್ಥೆಗೆ ಒಂದು ಕೆಟ್ಟ ಗುಣ ಇದೆ. ನೆಟ್‌ವರ್ಕ್ ಜಾಗದಲ್ಲಿ ಇಟ್ಟರೆ ಒಂದು ಕಂಪ್ಯೂಟರಿಗೆ ಒಂದೇ ಇಮೇಜ್, ಇತ್ತೀಚಿನದು ಮಾತ್ರ. ಹೊಸದಾಗಿ ತೆಗೆದುಕೊಂಡರೆ ಹಳೆಯದರ ಮೇಲೇ ಬರೆಯತ್ತೆ. ಅಂಗಡಿಯವರು ಕಂಪ್ಯೂಟರಿಗೆ ಹಳೇ ಹೆಸರೇ ಇಟ್ಟಿದ್ದರೆ, ನೀವು ಬ್ಯಾಕಪ್ ಶುರು ಮಾಡಿದರೆ, ಈ ಖಾಲಿ ಹೊಸ ವಿಂಡೋಸಿನ ಇಮೇಜು ನಿಮ್ಮ ಎಲ್ಲಾ ಲೆಕ್ಕದ ಜಾಗದಲ್ಲಿ ಹೋಗಿ ಕೂರತ್ತೆ. ರೌಟರ್ ಬದಲಾದಾಗ ಯಾರಿಗೂ ಏನೂ ಹೋಗಿರೋದಿಲ್ಲ, ದಾರಿ ಸರಿ ಹೋದ ಖುಷಿಯಲ್ಲಿ ಇದನ್ನ ಒತ್ತಿಬಿಟ್ಟಾಗಲೇ ಹೋಗೋದು. ಯಾವುದೇ ಬ್ಯಾಕಪ್ ಸಾಫ್ಟ್‌ವೇರ್ ಆಗಲಿ, ರಿಸ್ಟೋರ್ ಪೂರ್ತಿ ಆಗಿ ಫೈಲ್ ತೆರೆದು ನೋಡೋ ತನಕ ಶೆಡ್ಯೂಲು ನಿಲ್ಲಿಸಿಡಿ. ಎಷ್ಟೋ ಸಾಫ್ಟ್‌ವೇರ್‌ಗಳು ಜಾಗ ಸಾಲದಾಗ ಹಳೇದನ್ನ ತಾವಾಗೇ ಅಳಿಸ್ತವೆ.

ಇನ್ನು ರಿಸ್ಟೋರ್. ಪೂರ್ತಿ ಇಮೇಜನ್ನು ಹೊಸ ಎಸ್‌ಎಸ್‌ಡಿ ಮೇಲೆ ಹರಡಬಹುದು, ಆದರೆ ನಿಮಗೆ 20ನೇ ತಾರೀಖು ತಲೆ ಮೇಲಿದೆ, ಹೊಸ ವಿಂಡೋಸು ಟ್ಯಾಲಿ ಎರಡೂ ಈಗಾಗಲೇ ನಡೀತಿವೆ, ಹಾಗಿರುವಾಗ ಅಷ್ಟು ದೊಡ್ಡ ಕೆಲಸಕ್ಕೆ ಯಾಕೆ ಕೈ ಹಾಕಬೇಕು. ಇಮೇಜಿನಿಂದ ಬೇಕಾದ ಫೋಲ್ಡರ್ ಮಾತ್ರ ಈಚೆಗೆ ತೆಗೆದುಕೊಳ್ಳಿ.

ಆ ಕಂಪ್ಯೂಟರ್ ಹೆಸರಿನ ಫೋಲ್ಡರ್ ಒಳಗೆ ಬ್ಯಾಕಪ್ ಅಂತ ಶುರುವಾಗಿ ತಾರೀಖು ಇರೋ ಫೋಲ್ಡರ್ ಇರತ್ತೆ, ಅನುಮತಿ ಇಲ್ಲ ಅಂದರೆ ಕಂಟಿನ್ಯೂ ಒತ್ತಿ. ಒಳಗೆ ವಿಎಚ್‌ಡಿಎಕ್ಸ್ ಅಂತ ಕೊನೆಯಾಗುವ ಒಂದೆರಡು ಫೈಲು, ಚಿಕ್ಕದು ಬೂಟ್ ಭಾಗದ್ದು, ಅದು ಬೇಡ, ಎಲ್ಲಕ್ಕಿಂತ ದೊಡ್ಡದೇ ನಿಮ್ಮ ಹಳೇ ಸಿ ಡ್ರೈವ್. ಅದನ್ನ ನ್ಯಾಸ್ ಮೇಲಿರುವಾಗಲೇ ತೆರೆಯಬೇಡಿ. ಮೊದಲು ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕಿಗೋ ಹೊಸ ಎಸ್‌ಎಸ್‌ಡಿಯಲ್ಲಿ ಜಾಗ ಇದ್ದರೆ ಅಲ್ಲಿಗೋ ಕಾಪಿ ಮಾಡಿ, ಕಾಪಿಯ ಮೇಲೆ ಕೆಲಸ ಮಾಡಿ, ಮೂಲ ಹಾಗೇ ಇರಲಿ. ಕಾಪಿ ಆದ ಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಮೌಂಟ್ ಅಂದರೆ ಇನ್ನೊಂದು ಡ್ರೈವ್ ಆಗಿ ಕಾಣತ್ತೆ. ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅದಕ್ಕೊಂದು ಅಕ್ಷರ ಕೊಡಿ, ಅಷ್ಟೇ, ಅಲ್ಲಿ ಫಾರ್ಮ್ಯಾಟ್ ಅಂತ ಎಲ್ಲಾದರೂ ಕೇಳಿದರೆ ಕ್ಯಾನ್ಸಲ್.

ಟ್ಯಾಲಿಪ್ರೈಮ್ ಡೇಟಾ ಸಾಮಾನ್ಯವಾಗಿ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಅನ್ನೋ ಜಾಗದಲ್ಲಿರತ್ತೆ, ಒಳಗೆ 10000 ಥರದ ಐದಂಕಿ ಹೆಸರಿನ ಫೋಲ್ಡರುಗಳು, ಒಂದೊಂದೂ ಒಂದೊಂದು ಕಂಪನಿ. ಅವನ್ನ ಈಗಿನ ಟ್ಯಾಲಿಯ ಡೇಟಾ ಫೋಲ್ಡರ್ ಮೇಲೆ ಸುರಿಯಬೇಡಿ, ಬೇರೆ ಹೆಸರಿನ ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಕಾಪಿ ಮಾಡಿ, ಟ್ಯಾಲಿ ತೆರೆದು ಕಂಪನಿ ಆರಿಸೋವಾಗ ಆ ಜಾಗ ತೋರಿಸಿ. ಅಂಗಡಿಯವರು ಹೊಸ ರಿಲೀಸ್ ಹಾಕಿದ್ದರೆ ಡೇಟಾ ಮೈಗ್ರೇಟ್ ಮಾಡಬೇಕು ಅಂತ ಕೇಳಬಹುದು, ಒಮ್ಮೆ ಮೈಗ್ರೇಟ್ ಆದ ಡೇಟಾ ಹಳೇ ರಿಲೀಸಿನಲ್ಲಿ ತೆರೆಯೋದಿಲ್ಲ, ಹಾಗಾಗಿ ಮುಟ್ಟದ ಒಂದು ಪ್ರತಿ ಪಕ್ಕಕ್ಕಿರಲಿ. ಲೈಸೆನ್ಸನ್ನೂ ಮತ್ತೆ ಆಕ್ಟಿವೇಟ್ ಮಾಡಬೇಕಾಗತ್ತೆ, ನಿಮ್ಮ ಟ್ಯಾಲಿ ಮೇಲ್ ಐಡಿಯ ಪಾಸ್‌ವರ್ಡ್ ಈಗಲೇ ಹುಡುಕಿಟ್ಟುಕೊಳ್ಳಿ.

ಪೂರ್ತಿ ಇಮೇಜನ್ನೇ ಹರಡಬೇಕು ಅನ್ನೋರು ಇದನ್ನ ಓದ್ತಾ ಇದ್ದರೆ ಅವರಿಗೆ ನಾಲ್ಕು ಮಾತು. ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು, 512ರ ಜಾಗಕ್ಕೆ 480 ತಂದರೆ ಆಗೋದಿಲ್ಲ. ರಿಕವರಿಯಿಂದ ಬೂಟ್ ಆದಾಗ ವೈಫೈ ನೆಚ್ಚಿಕೊಳ್ಳಬೇಡಿ, ಕೇಬಲ್ ಹಾಕಿ. ಅಲ್ಲೂ ನೆಟ್‌ವರ್ಕ್ ಸಿಗದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಬ್ಲ್ಯುಪಿಇಇನಿಟ್ ಹೊಡೆದರೆ ನೆಟ್‌ವರ್ಕ್ ಏಳತ್ತೆ, ಆಮೇಲೆ ನ್ಯಾಸ್ ಹೆಸರಿನ ಬದಲು ಐಪಿ ಕೊಡಿ, ಅಲ್ಲಿ ಹೆಸರಿಂದ ಹುಡುಕೋದು ಕೈ ಕೊಡೋದೇ ಹೆಚ್ಚು. ಮತ್ತೆ ವಿಂಡೋಸ್‌ಇಮೇಜ್‌ಬ್ಯಾಕಪ್ ಫೋಲ್ಡರ್ ಶೇರಿನ ಮೊದಲ ಮೆಟ್ಟಿಲಲ್ಲೇ ಇರಬೇಕು, ಹೆಸರೂ ಅದೇ ಇರಬೇಕು, ಒಳಗೆಲ್ಲೋ ಇನ್ನೊಂದು ಫೋಲ್ಡರಿನಲ್ಲಿ ಇಟ್ಟರೆ ರಿಕವರಿಗೆ ಕಾಣೋದಿಲ್ಲ.

ಬಾಣೇರ್_ಮ್ಯಾಕ್

ಮಧ್ಯೆ ಬಂದಿದ್ದಕ್ಕೆ ಸಾರಿ, ನನ್ನದೂ ಇದೇ ಕಥೆ ಆದ್ರೆ ಮ್ಯಾಕ್. ಆಪಲ್ ಟೈಮ್ ಕ್ಯಾಪ್ಸೂಲ್ ಇದೆ, ಇಷ್ಟು ವರ್ಷ ಅದೇ ರೌಟರ್, ಅದೇ ಬ್ಯಾಕಪ್. ಈಗ ಫೈಬರ್‌ನವರು ಅವರ ರೌಟರ್ ಇಟ್ಟಿದ್ದಾರೆ, ಕ್ಯಾಪ್ಸೂಲ್ ತೆಗೆದಿಟ್ರೆ ಬ್ಯಾಕಪ್ ಹೋಗತ್ತಾ?

ಕಾರವಾರ_ಟು_ಮಡಗಾಂವ್

ನಿಮ್ಮದು ಮಾತ್ರ ಬೇರೆ ಕೇಸು, ಅಲ್ಲಿ ರೌಟರ್ ಒಳಗೇ ಡಿಸ್ಕ್ ಇದೆ. ತೆಗೆದಿಡಬೇಡಿ, ಕೊಡಬೇಡಿ. ಮ್ಯಾಕ್‌ನ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್‌ನಲ್ಲಿ ನೆಟ್‌ವರ್ಕ್ ಅಂತ ಇದೆಯಲ್ಲ, ಅಲ್ಲಿ ರೌಟರ್ ಮೋಡ್ ಆಫ್, ಅಂದ್ರೆ ಬ್ರಿಡ್ಜ್ ಮಾಡಿ, ಹೊಸ ರೌಟರಿನಿಂದ ಒಂದು ಕೇಬಲ್ ಅದಕ್ಕೆ ಹಾಕಿ. ಐಪಿ ಹಂಚೋದನ್ನ ಬಿಟ್ಟು ಬರೀ ಡಿಸ್ಕ್ ಆಗಿ ಉಳಿತದೆ, ಮ್ಯಾಕ್‌ನ ಬ್ಯಾಕಪ್ ಸಾಫ್ಟ್‌ವೇರ್ ಟೈಮ್ ಮಷಿನ್ ತಾನಾಗಿ ಗುರುತು ಹಿಡೀತದೆ, ಯಾಕಂದ್ರೆ ಬ್ಯಾಕಪ್ ಗಂಟು ಬಿದ್ದಿರೋದು ನಿಮ್ಮ ಮ್ಯಾಕ್ ಜತೆ, ರೌಟರ್ ಜತೆ ಅಲ್ಲ. ಕಾಣದಿದ್ರೆ ಆಪ್ಶನ್ ಕೀ ಒತ್ತಿ ಹಿಡಿದು ಟೈಮ್ ಮಷಿನ್ ಮೆನು ತೆರೆದ್ರೆ ಬೇರೆ ಬ್ಯಾಕಪ್ ಡಿಸ್ಕ್ ನೋಡೋ ದಾರಿ ಸಿಗ್ತದೆ.

ಆದ್ರೆ ಹೆಚ್ಚು ದಿನ ನೆಚ್ಚಿಕೊಳ್ಳಬೇಡಿ. ಆ ಸಾಲಿನ ಡಬ್ಬಿಗಳನ್ನ ಆಪಲ್ 2018ರಲ್ಲೇ ನಿಲ್ಲಿಸಿದೆ, ಅದು ಮಾತಾಡೋ ಎಎಫ್‌ಪಿ ಅನ್ನೋ ಆಪಲ್‌ನ ಹಳೇ ಫೈಲ್ ಹಂಚಿಕೆ ಪದ್ಧತಿಯನ್ನ ಮುಂದೆ ಮ್ಯಾಕ್‌ಒಎಸ್‌ನಿಂದ ತೆಗೀತೇವೆ ಅಂತಲೂ ಹೇಳಿದೆ. ಬೇಕಾದ್ದನ್ನೆಲ್ಲ ಒಂದು ಯುಎಸ್‌ಬಿ ಡಿಸ್ಕಿಗೆ ಈಗಲೇ ಇಳಿಸ್ಕೊಳ್ಳಿ.

ಲೆಕ್ಕದಕ್ಕ_ಡೊಂಬಿವಲಿ

ರಾಯರೇ ನಿಮ್ಮ ಕಾಲಿಗೆ ಬಿದ್ದೆ, ಆ ಬಟನ್ ಮೇಲೆ ಮೌಸ್ ಇಟ್ಟುಕೊಂಡೇ ಇಲ್ಲಿ ಕೇಳಿದ್ದು. ದೊಡ್ಡ ಫೈಲ್ 280 ಜಿಬಿ ಉಂಟು, ನಮ್ಮವರ ಯುಎಸ್‌ಬಿ ಡಿಸ್ಕಿಗೆ ಕಾಪಿ ಹಾಕಿದ್ದೇನೆ, 11 ಎಂಬಿ ಅಂತ ತೋರಿಸ್ತಾ ಉಂಟು, ಏಳು ಗಂಟೆ ಅಂತೆ. ಹೊಸ ಫೈಬರ್ ಪ್ಲ್ಯಾನ್ 300ರದ್ದು, ಮತ್ತೆ ಇಷ್ಟು ನಿಧಾನ ಯಾಕೆ?

ಪುಣೆ_ವಿಜಾಪುರ

ಪ್ಲ್ಯಾನಿಗೂ ಇದಕ್ಕೂ ಸಂಬಂಧ ಇಲ್ರಿ ಅಕ್ಕಾ, ಮನಿ ಒಳಗ ಒಂದು ಡಬ್ಬಿಯಿಂದ ಇನ್ನೊಂದಕ್ಕ ಹೋಗುವಾಗ ಹೊರಗಿನ ಫೈಬರ್ ಲೆಕ್ಕಕ್ಕ ಬರಂಗಿಲ್ಲ. 11 ಎಂಬಿ ಅಂದಕೂಡ್ಲೆ ತಿಳೀತು, ನಡುವ ಎಲ್ಲೋ 100ರ ಲಿಂಕ್ ಐತಿ. 100 ಎಂಬಿಪಿಎಸ್ ಅಂದ್ರ ಸೆಕೆಂಡಿಗೆ 11, 12 ಎಂಬಿ, ಗಿಗಾಬಿಟ್ ಇದ್ರ 110ರ ತನಕ ಹೋಗ್ತೈತಿ, ನಿಮ್ಮ 280 ಜಿಬಿ ಮುಕ್ಕಾಲು ತಾಸಿನ್ಯಾಗ ಮುಗೀಬೇಕು. ಈಥರ್ನೆಟ್ ಸ್ಟೇಟಸ್‌ನಾಗ ಸ್ಪೀಡ್ ನೋಡ್ರಿ. 100 ಅಂತ ಇದ್ರ ಒಂದೋ ರೌಟರಿನ ಪೋರ್ಟ ಅಷ್ಟ, ಅಗ್ಗದ ರೌಟರ್‌ಗಳಾಗ ಹಂಗ ಇರ್ತೈತಿ, ಇಲ್ಲಾ ಕೇಬಲ್ ಕೆಟ್ಟದ್ದು. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, ಒಂದು ಕೈ ಕೊಟ್ರೂ 100ಕ್ಕ ಇಳೀತೈತಿ.

ರೌಟರ್‌ದ ತಪ್ಪಾಗಿದ್ರ ಒಂದು ಸಣ್ಣ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತರ್ರಿ, ನಿಮಗ ಲ್ಯಾಮಿಂಗ್ಟನ್ ರೋಡ್ ಐತಿ, ನಮಗಿಲ್ಲಿ ತಪಕೀರ್ ಗಲ್ಲಿ. ನ್ಯಾಸೂ ಡೆಸ್ಕ್‌ಟಾಪೂ ಎರಡೂ ಸ್ವಿಚ್ಚಿಗೆ ಹಾಕಿ ಅಲ್ಲಿಂದ ಒಂದು ಕೇಬಲ್ ರೌಟರ್‌ಗೆ ಕೊಟ್ರ ಆತು. ಈಗ ಶುರುವಾದ ಕಾಪಿ ಮಾತ್ರ ನಿಲ್ಲಸಬ್ಯಾಡ್ರಿ, ರಾತ್ರಿ ಓಡ್ಲಿ. ಕಂಪ್ಯೂಟರ್ ನಿದ್ದಿಗೆ ಹೋಗದಂಗ ಪವರ್ ಸೆಟ್ಟಿಂಗ್‌ನಾಗ ಸ್ಲೀಪ್ ನೆವರ್ ಅಂತ ಮಾಡಿ ಮಲಕೋರಿ.

ಲೆಕ್ಕದಕ್ಕ_ಡೊಂಬಿವಲಿ

ಬೆಳಿಗ್ಗೆ ಎದ್ದು ನೋಡಿದ್ರೆ ಪೂರ್ತಿ ಕಾಪಿ ಆಗಿತ್ತು. ಮೌಂಟ್ ಆಯ್ತು, ರಾಯರು ಹೇಳಿದ ಜಾಗದಲ್ಲೇ ಐದಂಕಿ ಫೋಲ್ಡರುಗಳು ಸಿಕ್ಕಿದವು, ಎಲ್ಲ ಕಂಪನಿ ತೆರೀತು, ಕೊನೆಯ ಎಂಟ್ರಿ ಎಸ್‌ಎಸ್‌ಡಿ ಸಾಯುವ ಹಿಂದಿನ ಭಾನುವಾರದ್ದು. ಅದರ ನಂತರದ ಮೂರ್ನಾಲ್ಕು ದಿನದ ಬಿಲ್ಲು ಹೋಟೆಲಿನವರು ವಾಟ್ಸಾಪಿನಲ್ಲಿ ಕಳಿಸಿದ್ದು ಹಾಗೇ ಉಂಟು, ಕೂತು ಹೊಡೀತೇನೆ. 3ಬಿ ಕೆಲಸ ಶುರು ಮಾಡಿದೆ.

ಒಂದೇ ಒಂದು ಕೇಳ್ಲಿಕ್ಕೆ ಉಂಟು. ಈಗ ಹೊಸ ಬ್ಯಾಕಪ್ ಶುರು ಮಾಡ್ಬೇಕಲ್ಲ, ಹಳೆಯ ಇಮೇಜ್ ಅಳಿಸ್ಲಿಕ್ಕೆ ಮನಸ್ಸಿಲ್ಲ, ಆ ಫೋಲ್ಡರಿನ ಹೆಸರು ಬದಲಾಯಿಸಿ ಅಲ್ಲೇ ಇಟ್ಟು ಹೊಸದು ತೆಗೀಬಹುದಾ?

ಮಾಟುಂಗಾ_ರಾಯರು

ಇಡಬಹುದು. ಹೆಸರಿನ ಕೊನೆಗೆ ಹಳೆ ಅಂತ ಸೇರಿಸಿದರೆ ಹೊಸ ಬ್ಯಾಕಪ್ ಅದನ್ನ ಮುಟ್ಟೋದಿಲ್ಲ. ಮುಂದೆ ಯಾವತ್ತಾದರೂ ಅದರಿಂದಲೇ ಪೂರ್ತಿ ರಿಸ್ಟೋರ್ ಮಾಡಬೇಕಾದರೆ ಹೆಸರನ್ನ ವಾಪಸ್ ಮೊದಲಿನಂತೆ ಮಾಡಬೇಕು ಅಷ್ಟೆ. ನ್ಯಾಸ್‌ನಲ್ಲಿ ಎರಡಕ್ಕೂ ಜಾಗ ಸಾಲತ್ತಾ ಅಂತ ಮೊದಲು ನೋಡಿಕೊಳ್ಳಿ.

ಆ ಯುಎಸ್‌ಬಿ ಡಿಸ್ಕಿನಲ್ಲಿರೋ ಕಾಪಿಯನ್ನ ಈ ವರ್ಷದ ರಿಟರ್ನ್ ಎಲ್ಲ ಮುಗಿಯೋ ತನಕ ಅಳಿಸಬೇಡಿ, ನ್ಯಾಸ್ ಇರೋ ಹಾಲ್‌ನಲ್ಲೇ ಇಡಲೂ ಬೇಡಿ, ಬೇರೆ ಮನೆಯಲ್ಲಿ ಯಾರಾದರೂ ನಂಟರ ಹತ್ತಿರ ಇರಲಿ. ಇನ್ನೊಂದು, ಹಳೇ ಡೆಸ್ಕ್‌ಟಾಪಿನಲ್ಲಿ ಬಿಟ್‌ಲಾಕರ್ ಅನ್ನೋ ವಿಂಡೋಸಿನ ಡಿಸ್ಕ್ ಬೀಗ ಇದ್ದಿದ್ದರೂ ಈ ಇಮೇಜು ಬೀಗ ಇಲ್ಲದೆ ಉಳಿದಿರತ್ತೆ, ಅದಕ್ಕೇ ನಿಮಗೆ ಕೀ ಕೇಳದೆ ತೆರೆದಿದ್ದು. ಬೇರೆಯವರ ಸಂಬಳದ ಪಟ್ಟಿ ಅದರಲ್ಲಿದೆ, ನಂಟರ ಮನೆಗೆ ಕೊಡೋ ಮುಂಚೆ ಆ ಯುಎಸ್‌ಬಿ ಡಿಸ್ಕಿಗೆ ಅದೇ ಥರದ ಬೀಗ ಬಿಟ್‌ಲಾಕರ್ ಟು ಗೋ ಹಾಕಿ, 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದು ಮನೆಯಲ್ಲಿಟ್ಟುಕೊಳ್ಳಿ.